ಮೂರು ದೇಶದ ಹವಾಮಾನ, ಒಂದು ಕೋಣೆಯ ಹೆಂಚು

ಹೋದ ವಾರ ನಮ್ಮ ಮನೆಯ ಹೆಂಚು ಇಳಿಸಬೇಕೋ ಬೇಡವೋ ಎಂಬುದನ್ನು ಮೂರು ದೇಶಗಳು ಸೇರಿ ತೀರ್ಮಾನಿಸಿದವು. ತಮಾಷೆಯಲ್ಲ, ಕೇಳಿ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮದು ಹೆಂಚಿನ ಮನೆ. ಮಳೆಗಾಲಕ್ಕೆ ಮುಂಚೆ ಹೆಂಚು ಇಳಿಸಿ, ಒಡೆದದ್ದನ್ನು ಬದಲಿಸಿ, ಮತ್ತೆ ಹೊದಿಸಬೇಕು. ಈ ವರ್ಷ ಅವಸರ ಜಾಸ್ತಿ. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಅಂಗೈಯಗಲ. ಥಂಡಿ ತಾಗಲೇಬಾರದು ಎಂದಿದ್ದಾರೆ ಡಾಕ್ಟರು. ಬಾಗಿಲು ಹಾಕಿಕೊಳ್ಳುವಂಥ ಕೋಣೆಗಳು ಎರಡೇ. ಒಂದು ಬಾಣಂತಿಯದು, ಇನ್ನೊಂದು ನಾನು ಕೂತು ಈ ಅಂಕಣ ಬರೆಯುವಂಥದ್ದು. ಎರಡೂ ಸೋರುತ್ತವೆ.

ಹೆಂಚಿನ ಕೆಲಸದ ರುದ್ರಪ್ಪ ಹೊಳಲೂರಿನಿಂದ ಬೆಳಿಗ್ಗೆಯೇ ಬಂದ.

"ಎರಡು ದಿನದ ಕೆಲಸ ಸ್ವಾಮಿ. ಇವತ್ತು ಬ್ಯಾಡ ಅಂದ್ರೆ ಶಿವಮೊಗ್ಗದ ಕೆಲಸಕ್ಕೆ ಹೋಗ್ತೀನಿ. ಆಮೇಲೆ ಮಳೆ ಹಿಡ್ಕಂಡ್ರೆ ನನ್ನ ಬೈಬ್ಯಾಡಿ."

ಇಳಿಸದಿದ್ದರೆ ಮಳೆಗಾಲವಿಡೀ ಕೂಸಿನ ಮೇಲೆ ಸೋರುತ್ತದೆ. ಇಳಿಸಿದ ಮೇಲೆ ಮಳೆ ಬಂದರೆ ಗೋಡೆ, ನೆಲ ಎಲ್ಲ ನೆನೆದು ವಾರಗಟ್ಟಲೆ ಒಣಗುವುದಿಲ್ಲ. ಏನು ಮಾಡುವುದು?

ರೇಡಿಯೋ ಹಾಕಿದೆ. (ಅದರ ಲೈಸೆನ್ಸ್ ಫೀಸು ಕಟ್ಟಿದ್ದೇನೆ, ಪೋಸ್ಟಾಫೀಸಿನವರು ನೆಮ್ಮದಿಯಾಗಿರಲಿ.) ಎರಡು ದಿನ ಒಣಹವೆ ಎಂದಿತು ಬೆಂಗಳೂರು. "ಏಣಿ ಹತ್ತು ಮಾರಾಯ" ಎಂದೆ ರುದ್ರಪ್ಪನಿಗೆ.

ಅಷ್ಟರಲ್ಲಿ ಪಕ್ಕದ ಮನೆಯ ಸೆಲ್ವರಾಜ್ ಓಡಿ ಬಂದರು. ಕಾರ್ಖಾನೆಯ ಫಿಟ್ಟರು, ತಮಿಳು ಹಾಡಿಗಾಗಿ ದಿನಾ ಸಿಲೋನ್ ರೇಡಿಯೋ ಕೇಳುವವರು. "ಬ್ಯಾಡ ಸಾರ್! ಇವತ್ತೇ ಜೋರು ಮಳೆ, ಯಾರೂ ಮೀನಿಗೆ ಹೋಗ್ಬೇಡಿ ಅಂತ ಸಿಲೋನ್‌ನಲ್ಲಿ ಹೇಳ್ತಾ ಇದಾರೆ ಸಾರ್."

ಎದುರು ಅಂಗಡಿಯ ದರ್ಜಿ ರಹೀಮ್ ಸಾಬರು ಕತ್ತರಿ ಹಿಡಿದೇ ಬಂದರು. "ನಮ್ಮ ರೇಡಿಯೋ ಸೆಟ್ಟಲ್ಲಿ ಕರಾಚಿ ಬರ್ತದೆ ಸಾಮಿ. ಸಮುಂದರ್ ಇವತ್ತು ಚುಪ್, ನಾಳೆ ತೂಫಾನಿ ಗಾಳಿ ಅಂದ್ರು."

ಮೂರು ದೇಶ, ಮೂರು ಮಾತು. ನಾನು ದೇಶಭಕ್ತ, ಬೆಂಗಳೂರಿನ ಕಡೆಗೇ ವಾಲಿದೆ. ಆಗ ನನ್ನ ಹೆಂಡತಿ ಸರೋಜ ಸೌಟು ಹಿಡಿದು ಹೊರಗೆ ಬಂದಳು.

"ರೀ, ಹಬ್ಬದಡುಗೆಯ ಉಪ್ಪು ನೋಡೋಕೆ ನಿಮ್ಮೊಬ್ರನ್ನೇ ಕರೀತೀನಾ? ನಿಮ್ಮಮ್ಮ ಜಾಸ್ತಿ ಅಂದ್ರೆ ಸರಿಯಾಗಿದೆ ಅಂತ ಅರ್ಥ. ನೀವು ಸರಿಯಾಗಿದೆ ಅಂದ್ರೆ ಇನ್ನೊಂದು ಚಿಟಿಕೆ ಬೇಕು ಅಂತ. ಒಬ್ಬೊಬ್ರ ನಾಲಿಗೆ ಒಂದೊಂದು ಥರ."

(ಅಮ್ಮ ಒಳಗೇ ಇದ್ದರು. ಕೇಳಿಸಲಿಲ್ಲ ಎಂದುಕೊಂಡಿದ್ದೇನೆ.)

"ಸಿಲೋನಿನವರಿಗೆ ಮೀನುಗಾರರ ಚಿಂತೆ, ಮೊದಲೇ ಹೆದರಿಸ್ತಾರೆ. ಅಲ್ಲಿಯ ಮಳೆ ಇಲ್ಲಿಗೆ ಬರೋಕೆ ಹೊತ್ತು ಬೇಕು. ನಮ್ಮವರು ಒಣಹವೆ ಅಂದ ದಿನ ನನ್ನ ಸಂಡಿಗೆ ಎಷ್ಟು ಸಲ ನೆಂದಿಲ್ಲ? ಕರಾಚಿಯವರು ಸಮುದ್ರ ಬಲ್ಲರು, ನಾಳೆ ಅಂತಾರೆ. ಕೂಡಿಸಿ ನೋಡಿ. ಹಗಲು ನಮ್ಮದು, ರಾತ್ರಿ ನಮ್ಮದಲ್ಲ. ಬಾಣಂತಿ ಕೋಣೆ ಒಂದನ್ನೇ ಬಿಚ್ಚಿ, ದೀಪ ಹಚ್ಚೋದರೊಳಗೆ ಮುಚ್ಚಿ."

ರುದ್ರಪ್ಪ ಏಣಿ ಹತ್ತಿದ. ಮಗಳನ್ನೂ ಕೂಸನ್ನೂ ಸೆಲ್ವರಾಜರ ಮನೆಗೆ ಕಳಿಸಿದೆವು. ರಹೀಮ್ ಸಾಬರು ಅಂಗಡಿ ಮುಚ್ಚಿ ಬಂದು ಹೆಂಚು ಕೈಯಿಂದ ಕೈಗೆ ದಾಟಿಸಿದರು. ನಾನೂ ದಾಟಿಸಿದೆ. (ಎರಡು ಒಡೆದೆ.)

ಸಂಜೆ ಕೊನೆಯ ಸಾಲು ಹೊದಿಸಿ ರುದ್ರಪ್ಪ ಇಳಿಯುತ್ತಿದ್ದಂತೆಯೇ ಗುಡುಗಿತು. ಸ್ವಲ್ಪ ಹೊತ್ತಿಗೆಲ್ಲ ಮಳೆ, ಎಂಥ ಮಳೆ! ನಾವೆಲ್ಲ ಆ ಕೋಣೆಯಲ್ಲಿ ನಿಂತು ತಲೆಯೆತ್ತಿ ನೋಡಿದೆವು. ಒಂದು ಹನಿಯೂ ಬೀಳಲಿಲ್ಲ. ಸೆಲ್ವರಾಜ್ ತಮ್ಮ ಕೊಡೆಯಡಿಯಲ್ಲಿ ಮಗಳನ್ನೂ ಕೂಸನ್ನೂ ಕರೆತಂದರು. ಕೂಸನ್ನು ತೊಟ್ಟಿಲಿಗೆ ಹಾಕುವಾಗ ನನ್ನ ಕಣ್ಣು ತುಂಬಿ ಬಂತು. ಯಾಕೆ ಮುಚ್ಚಿಡಲಿ?

ಆ ಮೂರು ದೇಶಗಳ ಹವಾಮಾನದ ಆಫೀಸುಗಳಲ್ಲಿ ಕೂತ, ನಾನು ಮುಖ ಕಾಣದ ಜನರಿಗೆ ಈ ವಾರ ನನ್ನ ನಮಸ್ಕಾರ. ಯಾರೊಬ್ಬರ ಮಾತೂ ಪೂರ್ತಿ ಸರಿಯಿರಲಿಲ್ಲ, ಕೂಡಿಸಿದಾಗ ಮಾತ್ರ ಸರಿಹೋಯಿತು. ಮೋಡ ಎಲ್ಲರಿಗೂ ಒಂದೇ ಅಲ್ಲವೇ? ದಿನಾ ಬೆಳಿಗ್ಗೆ ಅವರವರೇ ಮಾತಾಡಿಕೊಂಡು ಒಂದು ಮಾತು ಹೇಳಿದರೆ ಏನು ಕಷ್ಟ? ನಮ್ಮ ಬೀದಿಯಲ್ಲಿ ಅದು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು.

ಬಿಚ್ಚದೆ ಉಳಿದದ್ದು ನನ್ನ ಕೋಣೆ. ಇದನ್ನು ಬರೆಯುವಾಗ ಮೇಜಿನ ಮೇಲೆ ಟಪಟಪ ಹನಿಯುತ್ತಿದೆ, ಶಾಯಿ ಹರಡುತ್ತಿದೆ. ಹನಿಯಲಿ ಬಿಡಿ, ತೊಟ್ಟಿಲ ಮೇಲೆ ಹನಿಯುತ್ತಿಲ್ಲವಲ್ಲ?