ಬಿಳಿಯದೋ ಹಳದಿಯದೋ

ನನ್ನ ಮಗಳಿಗೆ ಹೂವು ನೋಡುವುದೇ ಉದ್ಯೋಗ. ಡ್ರೆಸ್ಡೆನ್ನಿನ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿಯ ಹೋಟೆಲಿನ ಒಲೆಯ ಮುಂದೆ ಬೆಳೆದ ನನಗೆ ಇದಕ್ಕಿಂತ ದೊಡ್ಡ ಹೆಮ್ಮೆ ಇರಲಿಲ್ಲ, ಮೊಮ್ಮಗಳು ಹುಟ್ಟುವ ತನಕ. ಈಗ ಅವಳಿಗೆ ಮೂರು ವರ್ಷ. ಅವಳು "ಅಜ್ಜಾ" ಎಂದು ಕರೆದರೆ ಸಾಕು, ನನ್ನ ಮಂಡಿನೋವು ಎಲ್ಲಿಗೋ ಓಡಿಹೋಗುತ್ತದೆ. ಅದೇ ಮಂಡಿಯನ್ನು ಎಳೆದುಕೊಂಡು ಕಳೆದ ಬೇಸಿಗೆಯಲ್ಲಿ ಆಲ್ಪ್ಸ್ ಬೆಟ್ಟ ಹತ್ತಿದೆನೆಂದರೆ ನೀವೇ ಲೆಕ್ಕ ಹಾಕಿ.

ಮಗಳು ತನ್ನ ಹೂವನ್ನು ಹುಡುಕಿ ಹೊರಟಿದ್ದಳು. ಮೈಸೂರಿನ ಅಳಿಯ ಚೀಲ ಹೊತ್ತಿದ್ದ. ನಾನೂ ನನ್ನ ಹೆಂಡತಿಯೂ ಏದುಸಿರು ಬಿಡುತ್ತ ಹಿಂದೆ. ಮಗು ಸ್ವಲ್ಪ ದೂರ ಅಪ್ಪನ ಹೆಗಲಲ್ಲಿ, ಸ್ವಲ್ಪ ದೂರ ಹುಲ್ಲಿನಲ್ಲಿ ಓಡುತ್ತ ಬಂತು. ನೀರು ಜಿನುಗುವ ಒಂದು ಬಂಡೆಯ ಬುಡದಲ್ಲಿ ಮಗಳು ಮೊಣಕಾಲೂರಿ ಕೂತಳು.

"ಅಪ್ಪಾ, ಇದೇ ನನ್ನ ಹೂ."

ಬಿಳಿ ಎಸಳು, ನಡುವೆ ಹಳದಿ.

"ಇದು ನಿಮ್ಮ ಮನೆ ಎದುರಿನ ಹುಲ್ಲಲ್ಲೇ ಉಂಟಲ್ಲ ಮಾರಾಯ್ತಿ! ಇದಕ್ಕೆ ಇಷ್ಟು ಹತ್ತಿಸಿದ್ದಾ?"

"ಅದು ಬೇರೆ ಅಪ್ಪ. ಎಲ್ಲರೂ ಹೀಗೇ ಮೋಸ ಹೋಗುದು," ಎಂದು ನಕ್ಕಳು. ಒಂದು ಹೂವನ್ನು ಬಿಡಿಸಿ ಭೂತಗಾಜಿನಲ್ಲಿ ತೋರಿಸಿದಳು. ನಾವು ಒಂದು ಹೂವು ಅನ್ನುವುದು ಒಂದಲ್ಲವಂತೆ. ನಡುವಿನ ಹಳದಿಯ ಒಂದೊಂದು ಚುಕ್ಕೆಯೂ ಒಂದೊಂದು ಹೂವು, ಸುತ್ತಲಿನ ಒಂದೊಂದು ಎಸಳೂ ಒಂದೊಂದು ಹೂವು. ಅವುಗಳ ಬುಡದಲ್ಲಿ ನವಿರಾದ ಕೂದಲು. ಮನೆ ಎದುರಿನ ಹುಲ್ಲಿನ ಡೇಸಿಗೆ ಆ ಕೂದಲಿಲ್ಲ. ಆ ಕೂದಲು ನೋಡಿ ಹಿಂದಿನವರು ಇದನ್ನು ಆಸ್ಟರ್ ಹೂಗಳ ಗುಂಪಿಗೆ ಸೇರಿಸಿದರು. ಇನ್ನು ಕೆಲವರು ಬೆಲ್ಲಿಡಿಯಾಸ್ಟ್ರಮ್ ಎಂದು ಹೆಸರಿಟ್ಟು ಬೇರೆ ಮನೆಯನ್ನೇ ಮಾಡಿಕೊಟ್ಟರು. ಈಗಿನವರು ಒಳಗಿನ ವಂಶದ ಗುರುತು ನೋಡಿ, ಕೂದಲಿದ್ದರೇನಂತೆ, ಇದು ಹುಲ್ಲಿನ ಡೇಸಿಗೇ ಹತ್ತಿರದ ನೆಂಟ ಅನ್ನುತ್ತಾರಂತೆ. ಒಂದು ಹೂವಿನ ಸಂಬಂಧ ಹುಡುಕಲು ಇಷ್ಟು ಜನ!

ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಆಗ ಅಳಿಯ ಕೂಗಿದ. "ಪುಟ್ಟೀ! ಏನದು ಬಾಯಲ್ಲಿ?"

ಬಂಡೆಯ ಆಚೆ ಮಗು ಕಣ್ಣು ಮುಚ್ಚಿ ನಿಂತಿತ್ತು. ಅಂಗೈಯಲ್ಲಿದ್ದದ್ದನ್ನು ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡು, ಬಾಯಿಗೆ ಹಾಕಿ ಅಗಿಯುತ್ತಿತ್ತು. ಮಗಳ ಮನೆಯಲ್ಲಿ ನನ್ನ ಹೆಂಡತಿ ದಿನಾ ಪೂಜೆ ಮುಗಿಸಿ ಮಗುವಿನ ಕೈಗೆ ತುಳಸಿ ಎಲೆಯ ಪ್ರಸಾದ ಕೊಡುತ್ತಿದ್ದಳು. ಅದನ್ನು ತೆಗೆದುಕೊಳ್ಳುವ ಕ್ರಮವೇ ಹಾಗೆ.

ಮಗುವಿನ ಇನ್ನೊಂದು ಮುಷ್ಟಿಯಲ್ಲಿ ರೋಮ ರೋಮದ ಒಂದು ದಂಟು ಇತ್ತು. ದಂಟಿನ ತುದಿಯಲ್ಲಿ ಹೂವಿರಲಿಲ್ಲ. ಅದನ್ನು ಕಂಡದ್ದೇ ಮಗಳ ಮುಖ ಬಿಳುಚಿತು.

"ಆರ್ನಿಕಾ. ಕೆಳಗೆ ದಾರೀಲಿ ಇತ್ತು, ಹಳದಿ ಹೂ. ಯಾವಾಗ ಕಿತ್ತಳು ಇವಳು?"

ನನ್ನ ಮಂಡಿಗೆ ಹಚ್ಚುವ ಮುಲಾಮು ಅದರದೇ. ಹಚ್ಚಿದರೆ ಮದ್ದು, ಹೊಟ್ಟೆಗೆ ಹೋದರೆ ವಿಷ, ಗುಂಡಿಗೆಗೆ ಕೆಟ್ಟದ್ದು ಎಂದು ಅವಳೇ ನನಗೆ ಹೇಳಿದ್ದಳು.

ಹೆಂಡತಿ ಬುತ್ತಿಯ ಉಪ್ಪಿನ ಡಬ್ಬಿಗೆ ಕೈ ಹಾಕಿದಳು. "ಉಪ್ಪುನೀರು ಕುಡಿಸುವ, ವಾಂತಿ ಆಗ್ಲಿ!"

"ಬೇಡ ಅಮ್ಮಾ! ವಾಂತಿ ಮಾಡಿಸ್ಬಾರ್ದು!"

ಅಳಿಯ ಸಿಗ್ನಲ್ ಸಿಗುವ ದಿಬ್ಬಕ್ಕೆ ಓಡಿ ವಿಷದ ಸಹಾಯವಾಣಿಗೆ ಫೋನು ಹಚ್ಚಿದ. ಜರ್ಮನ್‌ನಲ್ಲಿ ಪಟಪಟ ಮಾತಾಡಿ, ಅಲ್ಲಿಂದಲೇ ಕೂಗಿದ. "ಯಾವ ಗಿಡ ಅಂತ ಕೇಳ್ತಿದಾರೆ ಕಣೇ! ಎಷ್ಟು ತಿಂದಳು?"

"ಬಿಳಿ ಹೂ ತಿಂದ್ಯಾ ಚಿನ್ನ?" ಮಗಳು ಕೇಳಿದಳು.

"ಯಾ." ಅಂದರೆ ಜರ್ಮನ್‌ನಲ್ಲಿ ಹೌದು.

"ಹಳದಿ ಹೂ ತಿಂದ್ಯಾ?"

"ಯಾ," ಎಂದಿತು ಮಗು, ಅಷ್ಟೇ ಖುಷಿಯಿಂದ.

ಮಗಳು ಬೆರಳು ಹಾಕಿ ಬಾಯಲ್ಲಿದ್ದದ್ದನ್ನು ಬಳಿದು ಬುತ್ತಿಯ ಮುಚ್ಚಳದ ಮೇಲೆ ಹರಡಿದಳು. ಅಗಿದ ಹಳದಿ ಚೂರುಗಳು, ಬಿಳಿ ಎಸಳು ಒಂದೂ ಇಲ್ಲ. ಬಿಳಿ ಹೂವಿನ ನಡುವೂ ಹಳದಿಯೇ, ಆರ್ನಿಕಾವೂ ಹಳದಿಯೇ. ಅವಳು ಭೂತಗಾಜು ಹಿಡಿದು ಬಗ್ಗಿದಳು.

"ಕೂದಲು ಉಂಟಾ ನೋಡು," ಎಂದೆ ನಾನು, ಆಗಷ್ಟೇ ಕಲಿತವ.

"ಕೂದಲು ಎರಡಕ್ಕೂ ಉಂಟಪ್ಪ! ಗಾತ್ರ ನೋಡ್ಬೇಕು. ಆರ್ನಿಕಾದ ಒಂದೊಂದು ಚುಕ್ಕೆಯೂ ಉದ್ದ, ಇವು ಅಕ್ಕಿಕಾಳಿಗಿಂತ ಸಣ್ಣ. ಇದು ನನ್ನದೇ ಹೂ." ಅವಳು ತಲೆ ಎತ್ತಿದಳು. ಮುಖದಲ್ಲಿ ನೆಮ್ಮದಿ ಇರಲಿಲ್ಲ. "ಆದ್ರೆ ಇದು ಬಾಯಲ್ಲಿ ಉಳಿದದ್ದು. ನುಂಗಿದ್ದು ಎಂತದು? ಆ ಹಳದಿ ಹೂ ಎಲ್ಲಿ?"

ಎಲ್ಲರೂ ಹುಲ್ಲಲ್ಲಿ ಕೈಯಾಡಿಸಿದೆವು. ಗಾಳಿ ಬೀಸುತ್ತಿತ್ತು. ನನ್ನ ಕಣ್ಣಿಗೆ ಹುಲ್ಲೂ ಕಾಣಲಿಲ್ಲ, ಕಲ್ಲೂ ಕಾಣಲಿಲ್ಲ. ಮಗುವಿನ ಮುಖ ಕೆಂಪಾಗಿದೆಯೋ, ಉಸಿರು ಜೋರಾಗಿದೆಯೋ ಎಂದು ತಿರುತಿರುಗಿ ಅವಳನ್ನೇ ನೋಡಿದೆ.

ಹೆಂಡತಿ ಮಾತ್ರ ಉಪ್ಪಿನ ಡಬ್ಬಿ ಕೆಳಗಿಟ್ಟು ಮಗುವಿನೆದುರು ಕುಕ್ಕರಗಾಲಲ್ಲಿ ಕೂತಳು. ದನಿ ತಗ್ಗಿಸಿ ಕೇಳಿದಳು. "ಪೂಜೆ ಮಾಡಿದ್ಯಾ ಮಗಾ? ದೇವರು ಎಲ್ಲಿ ಉಂಟು? ಅಜ್ಜಿಗೂ ತೋರ್ಸು."

ಮಗು ಅವಳ ಬೆರಳು ಹಿಡಿದು ನಡೆಯಿತು. ಪೊದೆಯ ಹಿಂದೆ ಗಿಡ್ಡದೊಂದು ಕಲ್ಲು. ಅದರ ನೆತ್ತಿಯ ಮೇಲೆ ದೊಡ್ಡ ಹಳದಿ ಹೂವು, ಇಡಿಯಾಗಿ, ಒಂದೆಸಳೂ ಕಳೆಯದೆ. ಹಳದಿ ದೇವರಿಗೆ, ಬಿಳಿ ಪ್ರಸಾದಕ್ಕೆ!

ಮಗಳು ಆ ಹೂವನ್ನು ಎತ್ತಿ ಸುತ್ತಲೂ ತಿರುಗಿಸಿ ನೋಡಿದಳು. ದಂಟಿನ ಮುರಿದ ತುದಿಗೆ ಹಿಡಿದು ಹೊಂದಿಸಿ ನೋಡಿದಳು. ಆಮೇಲೆ ದಿಬ್ಬಕ್ಕೆ ಹೋಗಿ ಫೋನು ತೆಗೆದುಕೊಂಡು ತನ್ನ ಹೂವಿನ ಹೆಸರನ್ನು ಜರ್ಮನ್‌ನಲ್ಲೊಮ್ಮೆ, ಲ್ಯಾಟಿನ್‌ನಲ್ಲೊಮ್ಮೆ, ತಡವರಿಸದೆ ಹೇಳಿದಳು. ಆ ಕಡೆಯ ಹೆಂಗಸು, ಹೆದರುವುದೇನಿಲ್ಲ, ನೀರು ಕುಡಿಸಿ, ಇವತ್ತೊಂದು ದಿನ ಮಗುವಿನ ಮೇಲೆ ಕಣ್ಣಿಟ್ಟಿರಿ ಎಂದರಂತೆ. ಫೋನು ಇಟ್ಟ ಮೇಲೆ ಮಗಳು ಹುಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಮೊಮ್ಮಗಳನ್ನು ಎತ್ತಿಕೊಂಡು ಎಲ್ಲೆಲ್ಲಿ ಮುತ್ತಿಟ್ಟೆನೋ ನನಗೇ ಗೊತ್ತಿಲ್ಲ. ಅವಳಿಗೆ ನನ್ನ ಗಡ್ಡ ಚುಚ್ಚಿ ಸಿಟ್ಟು ಬಂತು.

"ಅತ್ತೇ, ನಿಮ್ಮ ಪೂಜೆಯಿಂದ ಇವತ್ತು ನನ್ನ ಜೀವ ಹೋಗಿ ಬಂತು," ಎಂದ ಅಳಿಯ, ಬೆವರು ಒರೆಸಿಕೊಳ್ಳುತ್ತ.

"ನೋಖ್ ಮಾಲ್ ಪೂಜೆ!" ಎಂದಿತು ಮಗು. ಇನ್ನೊಂದು ಸಲ ಬೇಕಂತೆ.

"ಮಾಡುವ ಮಗಾ. ದೇವರಿಗೆ ಹೂ, ನಮಗೆ ಬಿಸ್ಕೆಟ್," ಎಂದಳು ನನ್ನ ಹೆಂಡತಿ.

ಮಗಳು ಕಣ್ಣೊರೆಸಿಕೊಂಡು ಎದ್ದಳು. ಚೀಲದಲ್ಲಿದ್ದ ಬಿಸ್ಕೆಟ್ ಪೊಟ್ಟಣ ಹರಿದು, ಇದ್ದದ್ದನ್ನೆಲ್ಲ ಆ ಕಲ್ಲಿನ ಮುಂದೆ ಸುರಿದುಬಿಟ್ಟಳು.