ಮಗ್ಗದ ಮುಂದೆ ಬಿಚ್ಚುಗೂದಲು

ವುಚ್ ನಗರದ ಬಟ್ಟೆ ಗಿರಣಿಗಳೆಲ್ಲ ಬಾಗಿಲು ಹಾಕಿದ ಮೇಲೆ ದೊಡ್ಡ ಮನುಷ್ಯರಿಗೆ ನಮ್ಮ ನೆನಪಾಯಿತು. ದುಡಿಯುವಾಗ ಕೂರಲು ಒಂದು ಸ್ಟೂಲು ಸಿಕ್ಕಿರಲಿಲ್ಲ, ಈಗ ಚೌಕದಲ್ಲಿ ನೇಯ್ಗೆ ಹೆಂಗಸಿನ ಕಂಚಿನ ಪ್ರತಿಮೆಯಂತೆ! ಹಳಬರು ಒಮ್ಮೆ ನೋಡಲಿ ಎಂದು ಶಿಲ್ಪಿ ಓಲ್ಗೆರ್ಡ್ ತನ್ನ ಕಾರ್ಯಾಗಾರಕ್ಕೆ ಕರೆದ. ತೆಯೊಫಿಲಾ ಮತ್ತು ನಾನು ಹೋದೆವು. ಇಪ್ಪತ್ತೆಂಟು ವರ್ಷ ಅಕ್ಕಪಕ್ಕದ ಮಗ್ಗಗಳಲ್ಲಿ ನಿಂತವರು ನಾವು. ಆ ಗದ್ದಲದಲ್ಲಿ ಮಾತು ಕೇಳಿಸದೆ ತುಟಿ ನೋಡಿಯೇ ಹರಟುತ್ತಿದ್ದೆವು.

ಕಂಚಿಗೆ ಮಾದರಿಯಾಗಿ ಮಾಡಿದ್ದ ಜೇಡಿಮಣ್ಣಿನ ಚೆಲುವೆ ಸೊಂಟದವರೆಗೆ ಕೂದಲು ಹರಡಿಕೊಂಡು ಮಗ್ಗಕ್ಕೆ ಬಾಗಿದ್ದಳು.

"ಏನಪ್ಪಾ, ಇವಳು ನೇಯೋಕೆ ಬಂದಳೋ, ತಲೆ ಒಣಗಿಸೋಕೆ ಬಂದಳೋ?" ಎಂದೆ.

"ಸ್ಕಾರ್ಫು ಕಟ್ಟಿದ್ರೆ ಅಂದ ಹೋಗುತ್ತೆ ಅಜ್ಜಿ. ಪ್ರತಿಮೆ ಸಮಿತಿಯವರೂ ಒಪ್ಪಿದ್ದಾರೆ. ಸೋಮವಾರ ಅಚ್ಚು ತೆಗೀಬೇಕು."

ತೆಯೊಫಿಲಾ ನನ್ನತ್ತ ತಿರುಗಿ ಬರೀ ತುಟಿಯಾಡಿಸಿದಳು: "ಈ ಹುಡುಗೀನ ಹೀಗೇ ನಿಲ್ಲಿಸಿದ್ರೆ ನಂಗೆ ನಿದ್ದೆ ಬರಲ್ಲ ಕಣೇ."

ನನಗೂ ಬರುತ್ತಿರಲಿಲ್ಲ. ನಮಗೆ ಹತ್ತೊಂಬತ್ತು ವರ್ಷವಿದ್ದಾಗ ಗೆಳತಿಯೊಬ್ಬಳ ನಾಮದಿನ, ಅಂದರೆ ಅವಳ ಹೆಸರಿನ ಸಂತರ ಹಬ್ಬ, ಬಂತು. ಸಂಜೆಯ ಕುಣಿತಕ್ಕೆಂದು ತೆಯೊಫಿಲಾ ಬೆಳಗ್ಗೆಯೇ ಕೂದಲನ್ನು ಸುರುಳಿ ಮಾಡಿಸಿಕೊಂಡಿದ್ದಳು. "ಸ್ಕಾರ್ಫು ಬಿಚ್ಚೇ, ಸುರುಳಿ ಹಾಳಾಗುತ್ತೆ, ಪಾಳಿ ಮುಗಿಯೋಕೆ ಇನ್ನೊಂದು ಗಂಟೆ ತಾನೇ" ಎಂದವಳು ನಾನು. ಹತ್ತು ನಿಮಿಷಕ್ಕೆ ಮಗ್ಗದ ಬೆಲ್ಟು ಅವಳ ಕೂದಲನ್ನು ಚರ್ಮದ ಸಮೇತ ಎಳೆದುಕೊಂಡಿತು. ವಿಚಾರಣೆಯಲ್ಲಿ ಅವಳು "ತಪ್ಪು ನಂದೇ" ಎಂದಳು, ನನ್ನ ಹೆಸರೆತ್ತಲಿಲ್ಲ. ಅಲ್ಲಿಂದಾಚೆ ಅವಳನ್ನು ಸ್ಕಾರ್ಫಿಲ್ಲದೆ ನಾನು ನೋಡಿಲ್ಲ, ಅವಳ ಮದುವೆಯಲ್ಲೂ.

ಈಗ ಅವಳು ಓಲ್ಗೆರ್ಡನ ಎದುರು ನಿಂತು ಗಂಟು ಬಿಚ್ಚಿದಳು. ನೆತ್ತಿಯಿಂದ ಕಿವಿಯವರೆಗೆ ಎಳೆದು ಹೊಲಿದ ನುಣ್ಣನೆಯ ಚರ್ಮ. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಅವನು ಮಣ್ಣು ಕತ್ತರಿಸುವ ತಂತಿ ತೆಗೆದುಕೊಂಡು ಮಣ್ಣಿನ ಕೂದಲನ್ನು ಹಿಡಿಹಿಡಿಯಾಗಿ ಕತ್ತರಿಸತೊಡಗಿದ.

"ಸಮಿತಿಗೆ ನಾನು ಹೇಳ್ಕೋತೀನಿ. ಹೇಗೆ ಕಟ್ತಿದ್ರಿ, ತೋರಿಸಿ."

ತೆಯೊಫಿಲಾ ತನ್ನ ಸ್ಕಾರ್ಫನ್ನೇ ಆ ಮಣ್ಣಿನ ತಲೆಗೆ ಬಿಗಿದಳು. "ಗಂಟು ಹಿಂದೆ ಬರಬೇಕು ಮಗಾ. ತುದಿ ಒಳಕ್ಕೆ ತೂರಿಸು, ಜೋತಾಡಬಾರದು."

ಅವನಿಗೆ ಮಾದರಿಗೆ ಬೇಕೆಂದು ಅದನ್ನು ಅಲ್ಲೇ ಬಿಟ್ಟು ಬಂದೆವು. ಟ್ರಾಮ್ ನಿಲ್ದಾಣದಲ್ಲಿ ಜನ ತಿರುಗಿ ತಿರುಗಿ ನೋಡಿದರು. ನಾನು ನನ್ನ ಸ್ಕಾರ್ಫು ಬಿಚ್ಚಿ ಚಾಚಿದೆ.

"ಹಾಕ್ಕೊಳ್ಳೇ, ಜನ ನೋಡ್ತಿದ್ದಾರೆ."

"ಜನ ನೋಡಿದ್ರೆ ನಂಗೇನು ಸ್ತೆಫಾ? ಇಷ್ಟು ವರ್ಷ ಮುಚ್ಕೊಂಡಿದ್ದು ನೀನು ನೋಡಬಾರದು ಅಂತ."