ಹಾರ್ನು ಒತ್ತಿದರೆ ಪೆಟ್ರೋಲು

ಕಾರು ಓಡಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ. ಕಾರಿನ ಕೆಳಗೆ ಅಂಗಾತ ಮಲಗಿದವರನ್ನು ಕಂಡರೆ ಮಾತ್ರ ಇವನೂ ನನ್ನಂತೆ ಸುಖಿ ಎಂದು ಗೌರವ ಹುಟ್ಟುತ್ತದೆ. ಕೊಲ್ಲಿ ನಾಡಿನ ಮಂಗಫ್ ಊರಿನ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಷ್ಟೋ ಶುಕ್ರವಾರಗಳನ್ನು ನಾನು ಹಾಗೆಯೇ ಕಳೆದಿದ್ದೇನೆ. ಇಂಗ್ಲೆಂಡಿನಿಂದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಎರಡು ಸೀಟಿನ ಕಾರನ್ನು ಕೈಯಾರೆ ಜೋಡಿಸುವ ವ್ಯಸನ ನನಗೆ ಅಂಟಿತ್ತು. ಉಳಿದವರು ಈ ವಯಸ್ಸಿನಲ್ಲಿ ಸಕ್ಕರೆ ಬಿಟ್ಟು ವಾಕಿಂಗ್ ಹಿಡಿಯುತ್ತಾರೆ. ನಾನು ಸ್ಪ್ಯಾನರ್ ಹಿಡಿದೆ.

ವೃತ್ತಿಯಿಂದ ನಾನು ರಿಫೈನರಿಯ ಪೈಪಿಂಗ್ ಎಂಜಿನಿಯರ್. ಮರುಭೂಮಿಯುದ್ದಕ್ಕೂ ಆನೆ ನುಸುಳುವಂಥ ಕೊಳವೆಗಳನ್ನು ಹಾಯಿಸಿದವನಿಗೆ ಕಿರುಬೆರಳ ದಪ್ಪದ ಪೆಟ್ರೋಲ್ ಪೈಪು ಯಾವ ಲೆಕ್ಕ? ಆನೆ ಪಳಗಿಸಿದ ಮಾವುತ ಇರುವೆಗೆ ಮೂಗುದಾರ ಹಾಕಲು ಹೊರಟಂತಾಯಿತು. ಟ್ಯಾಂಕು ಹಿಂದೆ, ಎಂಜಿನ್ನು ಮುಂದೆ. ನಡುವಿನ ಪೈಪು ಬಾಗಬೇಕು, ಮಡಿಯಬಾರದು, ಅನುಭವಿ ಗುಮಾಸ್ತನ ಹಾಗೆ. ದೇಹವೇ ರಥವೆಂದು ಹಿರಿಯರು ಹೇಳಿಹೋದರು. ಆ ರಥದ ವೈರಿಂಗ್ ಬಗ್ಗೆ ಮಾತ್ರ ಚಕಾರ ಎತ್ತಲಿಲ್ಲ. ಬೆನ್ನುಹುರಿಯ ಅತ್ತಿತ್ತ ಇಡಾ, ಪಿಂಗಲಾ ಎಂಬ ನಾಡಿಗಳಿವೆಯೆಂದು ಸುಳಿವಷ್ಟೇ ಕೊಟ್ಟರು. ಅದನ್ನೇ ಪ್ರಮಾಣವೆಂದು ಹಿಡಿದು ಎಡಕ್ಕೆ ಪೆಟ್ರೋಲು, ಬಲಕ್ಕೆ ಕರೆಂಟು ಹಾಯಿಸಿದೆ. ಇವೆರಡೂ ಅತ್ತೆ-ಸೊಸೆಯರಿದ್ದಂತೆ. ಒಂದೇ ಮನೆಯಲ್ಲಿರಬೇಕು, ಕಿಡಿ ಹಾರುವಷ್ಟು ಹತ್ತಿರ ಬರಬಾರದು.

ವೈರಿಂಗಿನ ಹೊಣೆ ಗೆಳೆಯ ಇಬ್ರಾಹಿಂ ಅವರದು. ಬಂಟ್ವಾಳದ ಕಡೆಯವರು, ಪಕ್ಕದ ಅಬು ಹಲೀಫಾದಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದರು. ಅವರು ತಂದ ವೈರಿನ ಸುರುಳಿಗಳೆಲ್ಲ ಕಪ್ಪು.

"ಇಬ್ರಾಹಿಂ ಭಾಯಿ, ಎಲ್ಲಾ ಕರೀದ ತಂದೀರಲ್ಲ!"

"ಕಪ್ಪು ಆದ್ರೆ ಕೊಳೆ ಕಾಣುದಿಲ್ಲ ಮಾರಾಯ್ರೆ," ಎಂದರು, ಪ್ಯಾಂಟಿನ ಬಟ್ಟೆ ಮಾರುವವರ ಹಾಗೆ.

ಗುರುತು ಸಿಗಲೆಂದು ವೈರಿನ ತುದಿಗಳಿಗೆ ಬಿಳಿ ಪಟ್ಟಿ ಸುತ್ತಿ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಟ್ಟೆವು. ಪೆಟ್ರೋಲ್ ಪಂಪಿನದಕ್ಕೆ ಕೆಂಪು, ಹಾರ್ನಿನದಕ್ಕೆ ಹಳದಿ.

ಆಗ ಬಂದ ಹಾರಿಸ್. ಹಾರಿಸ್ ಎಂದರೆ ಕಟ್ಟಡದ ಕಾವಲುಗಾರ. ನಮ್ಮವನು ಈಜಿಪ್ಟಿನ ಅಬು ಕರೀಂ, ಮಾಲೀಕನಿಗಿಂತ ದೊಡ್ಡ ಮಾಲೀಕ. ಬರುವ ಶುಕ್ರವಾರದ ನಮಾಜು ಮುಗಿಯುತ್ತಲೇ ನೆಲಮಾಳಿಗೆ ಖಾಲಿಯಾಗಬೇಕಂತೆ. ಕಾರು ತನ್ನ ಶಕ್ತಿಯಿಂದ ಇಳಿಜಾರು ಹತ್ತಿದರೆ ಹಿಂಬದಿಯ ನೆರಳಿನಲ್ಲಿ ಜಾಗ. "ಗಾಡಿ ಮಾಫಿ ಚಲ್ತಾ? ಖಲಾಸ್, ಸಿಕ್ರಾಬ್!" ಓಡದಿದ್ದರೆ ಗುಜರಿಗೆ ಎಂದರ್ಥ. ಇಷ್ಟು ದಿನ ನಾನು ಮುದ್ದಿಸಿದ್ದನ್ನು ಲಾರಿಯವರು ತೂಕಕ್ಕೆ ಹಾಕುವ ಚಿತ್ರ ಕಣ್ಣ ಮುಂದೆ ಬಂತು.

ಆ ಗುರುವಾರ ಆಯುಧಪೂಜೆ. ನನ್ನ ಹೆಂಡತಿ ಶಾಂತಾ ಧಾರವಾಡದವಳು. ಭಕ್ತಿಯಲ್ಲಿ ಪಂಕ್ತಿಭೇದ ಮಾಡುವವಳಲ್ಲ. ನಾನು ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಸ್ಪ್ಯಾನರಿಗೆ, ಟ್ಯಾಂಕಿಗೆ, ಜೊತೆಗೆ ಪ್ರತಿಯೊಂದು ವೈರಿನ ತುದಿಗೂ ಅರಿಶಿನ-ಕುಂಕುಮ ಹಚ್ಚಿ ಮುಗಿಸಿದ್ದಳು. ನಮ್ಮ ಕೆಂಪಿನ ಮೇಲೆ ಅರಿಶಿನ, ಹಳದಿಯ ಮೇಲೆ ಕುಂಕುಮ. ಒರೆಸಿದಷ್ಟೂ ಎಲ್ಲವೂ ಒಂದೇ ಕೇಸರಿ.

"ಏನ್ ಮಾಡೀದೀ ಇದು?"

"ಪೂಜಾ ಮಾಡೇನಿ. ವೈರಿಗೆ ಕುಂಕುಮ ಹಚ್ಚಬಾರ್ದಂತ ನಿಮ್ಮ ಎಂಜಿನಿಯರಿಂಗ್‌ನ್ಯಾಗ ಎಲ್ಲೆರ ಹೇಳ್ಯಾರೇನು?"

ಹೇಳಿಲ್ಲ. ಅದು ನಮ್ಮ ಶಿಕ್ಷಣದ ದೊಡ್ಡ ಲೋಪ.

ಶುಕ್ರವಾರ ಬೆಳಿಗ್ಗೆ ಇಬ್ರಾಹಿಂ ಕನ್ನಡಕ ಏರಿಸಿ ಎರಡು ತುದಿಗಳನ್ನು ವಜ್ರದ ವ್ಯಾಪಾರಿಯಂತೆ ಪರೀಕ್ಷಿಸಿದರು. "ಇದೇ ಹಳದಿ ಸರ್. ಅಡಿಯಲ್ಲಿ ಉಂಟು," ಎಂದರು. ಅವರ ಧ್ವನಿಯಲ್ಲಿದ್ದ ಖಚಿತತೆಗೆ ಶರಣಾಗಿ ಜೋಡಿಸಿ, ಡ್ಯಾಶ್‌ಬೋರ್ಡ್ ಕೂರಿಸಿ, ಸ್ಕ್ರೂ ಬಿಗಿದೆವು. ನಮಾಜು ಮುಗಿಯಿತು. ಗುಜರಿ ಲಾರಿ ಬಂತು. ಚಾವಿ ತಿರುಗಿಸಿದೆ.

ಹಾರ್ನು ಕಿರುಚಿತು. ನಿಲ್ಲಿಸದೆ ಕಿರುಚಿತು. ಗಾಬರಿಯಲ್ಲಿ ಅದರ ಬಾಯಿ ಮುಚ್ಚಿಸಲೆಂದು ಡ್ಯಾಶ್‌ಬೋರ್ಡಿನ ನಡುವೆ ಇದ್ದ ಹಾರ್ನಿನ ಗುಂಡಿ ಒತ್ತಿದರೆ, ಹಿಂದೆ ಪೆಟ್ರೋಲ್ ಪಂಪು ಗುಂಯ್ ಎಂದು ಹಾಡತೊಡಗಿತು! ಹಾರ್ನು ಚಾವಿಗೆ ಸೇರಿತ್ತು, ಪಂಪು ಹಾರ್ನಿನ ಗುಂಡಿಗೆ. ಎಂಜಿನ್ನು ಚಾಲೂ ಆಯಿತು, ಗುಂಡಿ ಬಿಟ್ಟರೆ ಕೆಮ್ಮಿ ಸಾಯುತ್ತಿತ್ತು. ತಿದ್ದಲು ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಲಾರಿಯವನೋ ಸರಪಳಿ ಹಿಡಿದು ಬರುತ್ತಿದ್ದಾನೆ. ನನಗಿರುವುದು ಎರಡೇ ಕೈ: ಒಂದು ಸ್ಟಿಯರಿಂಗಿಗೆ, ಒಂದು ಗೇರಿಗೆ.

"ಮೇಡಂ, ನೀವು ಕೂತ್ಕೊಳ್ಳಿ! ಗುಂಡಿ ಒತ್ತಿ ಹಿಡೀರಿ! ಬಿಡ್ಬೇಡಿ! ಯಲ್ಲಾ!" ಎಂದು ಇಬ್ರಾಹಿಂ ಕೂಗಿದರು.

ವಿಜಯದಶಮಿಯ ರೇಷ್ಮೆಸೀರೆಯುಟ್ಟು ನೋಡಲು ಕೆಳಗಿಳಿದು ಬಂದಿದ್ದ ಶಾಂತಾ ನೆರಿಗೆ ಹಿಡಿದು ಹತ್ತಿ ಕೂತಳು, ಒತ್ತಿದಳು. ಹಾರ್ನು ಅರಚುತ್ತ, ಪೈಪಿನಿಂದ ಒಂದು ಹನಿಯೂ ಸೋರದೆ, ಕಾರು ಇಳಿಜಾರು ಹತ್ತಿ ಬಿಸಿಲಿಗೆ ಬಂತು.

ಮೂತಿಯ ಮೇಲೆ ನಿನ್ನೆಯ ಹೂಮಾಲೆ, ಪಕ್ಕದಲ್ಲಿ ರೇಷ್ಮೆಸೀರೆ, ಎಡೆಬಿಡದ ಹಾರ್ನು: ಈ ನಾಡಿನಲ್ಲಿ ಇದಕ್ಕೆ ಒಂದೇ ಅರ್ಥ. ಬಾಲ್ಕನಿಗಳಲ್ಲಿ ಜನ ಕೂಡಿದರು. ಯಾರೋ ಹೆಂಗಸು ನಾಲಿಗೆ ಹೊರಳಿಸಿ ಲೂಲೂಲೂ ಎಂದು ಮಂಗಳಧ್ವನಿ ತೆಗೆದಳು. ಅಬು ಕರೀಂ ಸಿಕ್ರಾಬ್ ಮರೆತು, "ಮಬ್ರೂಕ್! ಅರೂಸಾ! ಅರೂಸಾ!" ಎಂದು ಶುಭ ಹಾರೈಸುತ್ತ ಮದುಮಗಳ ಮುಂದೆ ಚಪ್ಪಾಳೆ ತಟ್ಟಿ ಕುಣಿಯತೊಡಗಿದ. ಒಯ್ಯಲು ಬಂದಿದ್ದ ಲಾರಿಯವನೂ ಹಿಂದಿನಿಂದ ಹಾರ್ನು ಸೇರಿಸಿದ.

"ಮರ್ಯಾದಿ ಹೋತು, ಚಾವಿ ತಗೀತೀನಿ," ಎಂದೆ.

"ತಗೀಬ್ಯಾಡ್ರಿ," ಎಂದಳು ಶಾಂತಾ, ತಲೆಯ ಮೇಲೆ ಸೆರಗು ಎಳೆದುಕೊಂಡು. "ನಮ್ಮ ಲಗ್ನದಾಗ ಟೆಂಪೋದಾಗ ಕುಂಡ್ರಿಸ್ಕೊಂಡು ಬಂದಿದ್ರಿ. ಇನ್ನೊಂದು ಸುತ್ತ ಹೊಡೀರಿ."

ಹೊಡೆದೆ.

ವೈರು ಅದಲುಬದಲು ಮಾಡಲು ಎಷ್ಟು ಹೊತ್ತು ಬೇಕು ಸರ್ ಎಂದು ಇಬ್ರಾಹಿಂ ಈಗಲೂ ಕೇಳುತ್ತಾರೆ. ಹೆಚ್ಚೇನೂ ಬೇಡ. ಆದರೆ ಸರಿಮಾಡಿಬಿಟ್ಟರೆ ಕಾರನ್ನು ನಾನೊಬ್ಬನೇ ಓಡಿಸಬಹುದು. ಅದು ನನಗೂ ಬೇಡ, ಅವಳಿಗೂ ಬೇಡ.